ಕಡಲಿಗೆ ಗೋಡೆ ಕಟ್ಟಿದರೆ ಮುಗೀತಲ್ವಾ? ಆರ್ಕ್ಟಿಕ್ ದಡದ ಹಳೆಯ ಮನೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಾನು ಉಳ್ಳಾಲದ ಕಡೆಯವನು. ಕೆಲಸಕ್ಕೆಂದು ಬಂದು ಈಗ ಓಸ್ಲೋದಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಮನೆಯವರೆಲ್ಲ ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗಿದ್ದೆವು. ಅಲ್ಲಿ ಫ್ರೆಡ್‌ಹೈಮ್ ಎಂಬ ಹಳೆಯ ಬೇಟೆಗಾರನ ಮನೆ ತೋರಿಸಿದರು. ಕಡಲು ಹತ್ತಿರ ಬಂತು ಅಂತ ಆ ಮನೆಯನ್ನೇ ಹಿಂದಕ್ಕೆ ಸರಿಸಿಟ್ಟಿದ್ದಾರಂತೆ. ನಮ್ಮೂರಲ್ಲಿ ಕಡಲ್ಕೊರೆತ ಆದರೆ ಬಂಡೆ ಹಾಕಿ ಗೋಡೆ ಕಟ್ಟುತ್ತಾರೆ. ಇಷ್ಟು ಶ್ರೀಮಂತ ದೇಶಕ್ಕೆ ಒಂದು ಗೋಡೆ ಕಟ್ಟೋಕಾಗಲ್ವಾ? ಇಲ್ಲಾಂದ್ರೆ ಎಲ್ಲವನ್ನೂ ಅಗೆದು ಮ್ಯೂಸಿಯಂನಲ್ಲಿ ಇಡಬಹುದಲ್ಲ? ಇನ್ನೊಂದು ವಿಷಯ. ನನ್ನ ಮಗ ದಡದಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಮೊಳೆಯೊಂದನ್ನು ಜೇಬಿಗೆ ಹಾಕಿಕೊಂಡಿದ್ದ. ಗೈಡ್ ಅದನ್ನು ವಾಪಸ್ ಇಡಿಸಿದರು. ಒಂದು ಮೊಳೆಗೆ ಇಷ್ಟೊಂದಾ?

ಉತ್ತರ: ಮೊಳೆಯ ವಿಷಯಕ್ಕೆ ಕೊನೆಗೆ ಬರೋಣ. ಮೊದಲು ಗೋಡೆ.

ಉಳ್ಳಾಲದವರಿಗೆ ಕಡಲಗೋಡೆಯ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ. ಕಲ್ಲು ಹಾಕಿದ ಕಡೆ ಕಡಲು ನಿಲ್ಲುತ್ತದೆ. ಗೋಡೆ ಮುಗಿಯುವ ಜಾಗದ ಪಕ್ಕದಲ್ಲಿ ಕೊರೆಯಲು ಶುರು ಮಾಡುತ್ತದೆ. ಒಂದೆರಡು ಮಳೆಗಾಲ ಕಳೆದರೆ ಆ ಬಂಡೆಗಳೇ ಜಾರಿ ಮರಳಲ್ಲಿ ಹೂತುಹೋಗುತ್ತವೆ. ಮತ್ತೆ ಕಲ್ಲು, ಮತ್ತೆ ಲಾರಿ. ಆದರೂ ನಮ್ಮ ಕರಾವಳಿಯಲ್ಲಿ ಒಂದು ಅನುಕೂಲ ಇದೆ. ಗೋಡೆಯ ಹಿಂದಿನ ನೆಲ ತನ್ನ ಪಾಡಿಗೆ ತಾನು ಗಟ್ಟಿಯಾಗಿರುತ್ತದೆ. ಆರ್ಕ್ಟಿಕ್‌ನ ಎಷ್ಟೋ ದಡಗಳಲ್ಲಿ ಆ ಭರವಸೆಯೇ ಇಲ್ಲ.

ಅಲ್ಲಿನ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಕನಿಷ್ಠ ಎರಡು ವರ್ಷ ಸತತವಾಗಿ ಹೆಪ್ಪುಗಟ್ಟಿಯೇ ಇರುವ ನೆಲ ಎಂದು ಅರ್ಥ. ಎರಡು ವರ್ಷ ಎನ್ನುವುದು ಲೆಕ್ಕಕ್ಕೆ ಮಾತ್ರ. ಸಾವಿರಾರು ವರ್ಷಗಳಿಂದ ಕರಗದ ನೆಲವೇ ಜಾಸ್ತಿ. ಬೇಸಿಗೆಯಲ್ಲಿ ಮೇಲಿನ ಒಂದು ಪದರ ಮಾತ್ರ ಕರಗುತ್ತದೆ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಕೆಳಗೆ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಐಸ್. ಕೆಲವು ಕಡೆ ಮಣ್ಣಿಗಿಂತ ಐಸೇ ಹೆಚ್ಚು. ನೆಲದೊಳಗೆ ಮನೆಗಾತ್ರದ ಐಸ್ ಬೆಣೆಗಳು ಹೊಕ್ಕಿರುತ್ತವೆ. ಅದು ಕರಗಿದರೆ ನೆಲ ಬರೀ ಒದ್ದೆಯಾಗಿ ಸುಮ್ಮನಿರುವುದಿಲ್ಲ, ಕುಸಿಯುತ್ತದೆ. ಕೆಸರಾಗಿ ಹರಿದೇ ಹೋಗುತ್ತದೆ.

ಈಗ ಇಂಥ ದಡದ ಮುಂದೆ ನಿಮ್ಮ ಗೋಡೆ ಇಟ್ಟು ನೋಡಿ. ಮುಂದಿನಿಂದ ಬರುವ ಅಲೆಯನ್ನು ಅದು ತಡೆಯಿತು ಅಂತಲೇ ಇಟ್ಟುಕೊಳ್ಳೋಣ. ಹಿಂದಿನ ಗುಡ್ಡ ಬಿಸಿಲಿಗೆ ಕರಗುತ್ತದೆ. ಕರಗಿದ ನೀರು ಗೋಡೆಯ ಅಡಿಗೇ ಬರುತ್ತದೆ. ಅಡಿಪಾಯದ ಕೆಳಗಿನ ಐಸ್ ಕರಗಿ ಗೋಡೆ ತಾನೇ ವಾಲುತ್ತದೆ. ಬಂಡೆ ಹೊತ್ತ ಯಂತ್ರಗಳು ಓಡಾಡಿದ ಜಾಡಿನಲ್ಲಿ ಹುಲ್ಲು ಪಾಚಿಯ ಹೊದಿಕೆ ಕಿತ್ತುಹೋಗಿ, ಅಲ್ಲಿ ಇನ್ನೂ ಬೇಗ ಕರಗುತ್ತದೆ. ಇನ್ನು ಬಂಡೆ ಎಲ್ಲಿಂದ ತರುವುದು? ಪಶ್ಚಿಮ ಅಲಾಸ್ಕಾದ ಕಡಲತೀರದ ಹಳ್ಳಿಗಳ ಸುತ್ತ ಬರೀ ಹೂಳು, ಮರಳು. ಅಲ್ಲಿ ಗೋಡೆ ಕಟ್ಟಬೇಕಾದಾಗ ನೋಮ್ ಊರಿನ ಬಳಿಯ ಕಲ್ಲುಕೋರೆಯಿಂದ ಬಾರ್ಜ್‌ನಲ್ಲಿ ಬಂಡೆ ತಂದದ್ದಿದೆ. ಅದೂ ಕಡಲು ತೆರೆದಿರುವ ಕೆಲವೇ ತಿಂಗಳಲ್ಲಿ. ಜನ ವಾಸವಿರುವ ಊರಿಗೆ ಈ ಖರ್ಚು ಮಾಡುತ್ತಾರೆ, ಮಾಡಬೇಕು. ಯಾರೂ ಇಲ್ಲದ ಹಳೆಯ ಹಟ್ಟಿಗೆ ಯಾರು ಮಾಡುತ್ತಾರೆ?

ಹಿಂದೆ ಆ ದಡಗಳಿಗೆ ಗೋಡೆ ಇರಲೇ ಇಲ್ಲ ಅಂತಲ್ಲ. ಕಡಲೇ ಕಟ್ಟಿಕೊಡುತ್ತಿತ್ತು. ಶರತ್ಕಾಲದಲ್ಲಿ ದೊಡ್ಡ ಬಿರುಗಾಳಿಗಳು ಬರುವ ಹೊತ್ತಿಗೆ ದಡದಂಚಿನ ನೀರು ಹೆಪ್ಪುಗಟ್ಟಿರುತ್ತಿತ್ತು. ಅಲೆ ಬಂದು ಐಸ್‌ಗೆ ಬಡಿಯುತ್ತಿತ್ತು, ಮಣ್ಣಿಗಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಕಡಲ ಐಸ್ ಈಗ ತಡವಾಗಿ ಕಟ್ಟುತ್ತದೆ, ಬೇಗ ಬಿಡುತ್ತದೆ. ತೆರೆದ ನೀರು ಜಾಸ್ತಿಯಾದಷ್ಟೂ ಗಾಳಿಗೆ ಓಡಲು ಜಾಗ ಜಾಸ್ತಿ, ಅಲೆ ಇನ್ನೂ ದೊಡ್ಡದು. ಆ ಅಲೆ ಗುಡ್ಡದ ಬುಡಕ್ಕೆ ಬಡಿದು ಗವಿ ಕೊರೆಯುತ್ತದೆ. ಉಪ್ಪುನೀರು ಐಸನ್ನು ಕರಗಿಸುತ್ತದೆ. ಒಂದು ದಿನ ಮೇಲಿನ ಹೆಂಟೆ ಇಡಿಯಾಗಿ ಕಳಚಿ ಬೀಳುತ್ತದೆ.

ಹೋಲಿಸಿ ನೋಡಲು ಗೋಡೆ ಗೆದ್ದಿರುವ ಒಂದು ಜಾಗವನ್ನೂ ಹೇಳುತ್ತೇನೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ಸ್ಕಾರಾ ಬ್ರೇ ಎಂಬ ಸುಮಾರು 5000 ವರ್ಷ ಹಳೆಯ ಕಲ್ಲಿನ ಹಳ್ಳಿ ಇದೆ. ಮಂಚ ಕಲ್ಲಿನದು, ಪಾತ್ರೆ ಇಡುವ ಗೂಡು ಕಲ್ಲಿನದು. 1850ರ ಬಿರುಗಾಳಿಯೊಂದು ಮರಳಿನ ದಿಬ್ಬ ಕಿತ್ತು ಅದನ್ನು ಹೊರಹಾಕಿತು. 1924ರ ಇನ್ನೊಂದು ಬಿರುಗಾಳಿ ಒಂದು ಮನೆಯ ಭಾಗವನ್ನು ಕಡಲಿಗೆಳೆದಾಗ ಗೋಡೆ ಕಟ್ಟಿದರು. ಆ ಗೋಡೆ ಇಲ್ಲದಿದ್ದರೆ ಇವತ್ತು ನೋಡಲು ಏನು ಉಳಿಯುತ್ತಿತ್ತೋ! ಸುಮಾರು ನೂರು ವರ್ಷದಿಂದ ಅದು ಕೆಲಸ ಮಾಡುತ್ತಿದೆ. ಅಲ್ಲೂ ಗೋಡೆಯ ಎರಡು ತುದಿಗಳಲ್ಲಿ ಕಡಲು ಒಳಗೆ ಬರುತ್ತಿದೆ, ಅದು ಬೇರೆ ಮಾತು. ಆದರೆ ಆರ್ಕ್ನಿಯಲ್ಲಿ ಚಳಿ ಇದೆ, ನೆಲ ಹೆಪ್ಪುಗಟ್ಟಿಲ್ಲ. ಮನೆಗಳು ಕಲ್ಲಿನವು. ನೋಡಲು ಜನ ಬರುತ್ತಾರೆ, ದುಡ್ಡು ಬರುತ್ತದೆ, ರಸ್ತೆ ಇದೆ. ಇಷ್ಟೆಲ್ಲ ಕೂಡಿಬಂದರೆ ಗೋಡೆ ಸರಿ.

ಆರ್ಕ್ಟಿಕ್‌ನಲ್ಲಿ ಕಲ್ಲಿನ ಮನೆ ಅಪರೂಪ. ಅಲ್ಲಿ ಉಳಿದಿರುವುದು ಮರ, ತೊಗಲು, ಕೂದಲು, ಹುಲ್ಲಿನ ಬುಟ್ಟಿ, ಮೂಳೆ. ನಮ್ಮ ಹವೆಯಲ್ಲಾದರೆ ಎರಡು ಮಳೆಗಾಲಕ್ಕೆ ಗೆದ್ದಲು, ಬೂಷ್ಟು ತಿಂದು ಮುಗಿಸುವಂಥವು. ಅಲ್ಲಿ ಅವು ಸಾವಿರಾರು ವರ್ಷ ಉಳಿದದ್ದು ಚಳಿಯಿಂದ. ಯಾವ ಇಲಾಖೆಯೂ ಕಾಯಲಿಲ್ಲ, ಯಾರೂ ಬೀಗ ಹಾಕಲಿಲ್ಲ. ಚಳಿ ಕಾಯಿತು. ಹಾಗಾಗಿ ಚಳಿ ಹೋದರೆ, ಕಡಲು ಬರುವ ಮೊದಲೇ ವಸ್ತು ಹೋಗುತ್ತದೆ. ಗೋಡೆಯ ಹಿಂದೆ ಸುರಕ್ಷಿತವಾಗಿದ್ದುಕೊಂಡೇ ಕೊಳೆಯುತ್ತದೆ.

ಇದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಒಂದು ನೀವು ಹೋಗಿದ್ದ ಸ್ವಾಲ್ಬಾರ್ಡ್‌ದೇ. 17 ಮತ್ತು 18ನೇ ಶತಮಾನದಲ್ಲಿ ಡಚ್ಚರು ಮತ್ತಿತರರು ತಿಮಿಂಗಿಲ ಹಿಡಿಯಲು ಅಲ್ಲಿಗೆ ಬರುತ್ತಿದ್ದರು. ಸತ್ತವರನ್ನು ಅಲ್ಲೇ ದಡದಲ್ಲಿ ಹೂಳುತ್ತಿದ್ದರು. 1980ರಲ್ಲಿ ಡಚ್ ಸಂಶೋಧಕರು ಅಂಥ ಗೋರಿಗಳನ್ನು ಅಗೆದಾಗ ಶವಗಳ ತಲೆಯ ಮೇಲೆ ಹೆಣೆದ ಉಣ್ಣೆಯ ಟೋಪಿಗಳು ಹಾಗೇ ಇದ್ದವು. ಒಂದೊಂದರ ಪಟ್ಟೆ ಒಂದೊಂದು ಥರ. ಚಳಿಗೆ ಕಣ್ಣು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡಿರುತ್ತಿದ್ದ ಕಾರಣ, ಟೋಪಿಯ ಪಟ್ಟೆ ನೋಡಿ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರಂತೆ. ಆ ಟೋಪಿಗಳು ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿವೆ. ಲಿಕ್‌ನೆಸೆಟ್ ಎಂಬ ಇನ್ನೊಂದು ಗೋರಿಗಳ ದಡ ಇದೆ. ಹೆಸರಿನ ಅರ್ಥವೇ ಹೆಣಗಳ ಚಾಚು. ಅಲ್ಲಿ 1980ರ ದಶಕದಲ್ಲಿ ಅಗೆದಾಗ ಬಟ್ಟೆಗಳು ಚೆನ್ನಾಗಿಯೇ ಸಿಕ್ಕಿದ್ದವು. ಇತ್ತೀಚೆಗೆ ಮತ್ತೆ ಅಗೆದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಹಾಳಾದ ಬಟ್ಟೆ. ನಡುವೆ ಆಗಿರುವುದು ಮೂರು ದಶಕ ಮಾತ್ರ. ಮುನ್ನೂರು ವರ್ಷ ತಡೆದಿದ್ದ ಉಣ್ಣೆ!

ಎರಡನೆಯದು ಗ್ರೀನ್‌ಲ್ಯಾಂಡಿನದು. ಇಲುಲಿಸಾಟ್ ಊರಿನ ಹತ್ತಿರ ಕಯಾ ಎಂಬ ಜಾಗದಲ್ಲಿ ಹಳೆಯ ತಿಪ್ಪೆ ಇದೆ. ಹೌದು, ತಿಪ್ಪೆಯೇ. ಸುಮಾರು 4000 ವರ್ಷದ ಹಿಂದೆ ಬಂದ ಸಕ್ಕಾಕ್ ಜನರಿಂದ ಹಿಡಿದು ಬೇರೆ ಬೇರೆ ಕಾಲದವರು ಒಬ್ಬರ ಮೇಲೊಬ್ಬರು ಕಸ ಹಾಕುತ್ತಾ ಹೋದ ಗುಡ್ಡೆ. ನಮಗೆ ಅದು ಗ್ರಂಥಾಲಯ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುತ್ತದೆ. ಸೂಕ್ಷ್ಮಜೀವಿಗಳು ಕಸ ತಿನ್ನುವಾಗ ಶಾಖ ಬರುತ್ತದೆ. ಗ್ರೀನ್‌ಲ್ಯಾಂಡಿನ ತಿಪ್ಪೆಗೂ ಇದೇ ಗತಿ ಬರಬಹುದು ಎಂದು ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಯೋರ್ಗನ್ ಹೊಲ್ಲೆಸೆನ್ ಮತ್ತು ಜೊತೆಯವರು 2015ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೊರಗಿನ ಬಿಸಿಗೆ ಮೇಲ್ಪದರ ಕರಗುತ್ತದೆ. ಕರಗಿದ್ದು ಕೊಳೆಯಲು ಶುರುವಾಗುತ್ತದೆ. ಕೊಳೆಯುವ ಶಾಖಕ್ಕೆ ಕೆಳಗಿನ ಪದರ ಕರಗುತ್ತದೆ. ಒಂದು ಹಂತ ದಾಟಿದರೆ ಹೊರಗಿನ ಬಿಸಿಯ ಹಂಗೂ ಬೇಡ. ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ.

ಹಾಗಿದ್ದರೆ ನೆಲವನ್ನೇ ತಣ್ಣಗಿಡಬಹುದಲ್ಲ ಎಂದು ನೀವು ಕೇಳಬಹುದು. ಎಂಜಿನಿಯರುಗಳು ಕೇಳಿಯೇ ಕೇಳುತ್ತಾರೆ. ಉಪಾಯ ಇದೆ. ಅಲಾಸ್ಕಾದ ಉದ್ದಕ್ಕೂ ಹೋಗುವ ತೈಲದ ಪೈಪ್‌ಲೈನ್‌ನ ಕಂಬಗಳಿಗೆ ಅಮೋನಿಯ ತುಂಬಿದ ಕೊಳವೆಗಳನ್ನು ಹಾಕಿದ್ದಾರೆ. ಚಳಿಗಾಲದಲ್ಲಿ ಅವು ನೆಲದ ಶಾಖವನ್ನು ಎಳೆದು ಗಾಳಿಗೆ ಬಿಡುತ್ತವೆ, ಕರೆಂಟ್ ಬೇಡ. ಕಟ್ಟಡಗಳ ಕೆಳಗೂ ಇವನ್ನು ಬಳಸುತ್ತಾರೆ. ಒಂದು ಮುಖ್ಯ ಕಟ್ಟಡಕ್ಕೆ ಇದು ಆಗಬಹುದು. ಆದರೆ ಆರ್ಕ್ಟಿಕ್‌ನಲ್ಲಿ ದಾಖಲಾಗಿರುವ ಪುರಾತತ್ವ ತಾಣಗಳೇ ಕನಿಷ್ಠ 1,80,000. ದಾಖಲಾಗದವು ಬೇರೆ. ಅಷ್ಟಕ್ಕೂ ಕೊಳವೆ ನೆಡಲು ಹೊರಟರೆ, ನೆಡುವಾಗಲೇ ಅರ್ಧ ತಾಣ ಹಾಳು.

ಆದ್ದರಿಂದ ಈ ಕೆಲಸದಲ್ಲಿರುವವರು ಒಳಗೊಳಗೇ ಒಪ್ಪಿಕೊಂಡಿರುವ, ಬಾಯಿ ಬಿಟ್ಟು ಹೇಳಲು ಹಿಂಜರಿಯುವ ಒಂದು ಮಾತಿದೆ. ಬಹುತೇಕ ತಾಣಗಳು ಹೋಗುತ್ತವೆ. ಯಾವುದನ್ನು ಹೋಗಲು ಬಿಡುವುದು, ಅದನ್ನು ಯಾರು ತೀರ್ಮಾನಿಸುವುದು ಎನ್ನುವುದೇ ಈಗಿರುವ ನಿಜವಾದ ಪ್ರಶ್ನೆ. ನೆರೆ ನೀರು ಅಂಗಳಕ್ಕೆ ಬಂದಾಗ ನಮ್ಮ ಹಿರಿಯರು ಮೊದಲು ದನದ ಹಗ್ಗ ಬಿಚ್ಚುತ್ತಿದ್ದರು. ಆಮೇಲೆ ಅಕ್ಕಿ, ಕಾಗದಪತ್ರ. ಮಂಚ, ಕಪಾಟು ಅಲ್ಲೇ. ಹಾಗೆ ಆರಿಸಬೇಕು. ವ್ಯತ್ಯಾಸ ಇಷ್ಟೇ, ಅಲ್ಲಿ ನಾವು ಆರಿಸಬೇಕಿರುವುದು ಬೇರೆಯವರ ಮನೆಯ ಸಾಮಾನು.

ನಿಮ್ಮ ಫ್ರೆಡ್‌ಹೈಮ್ ಆರಿಸಿಕೊಂಡವುಗಳಲ್ಲಿ ಒಂದು. ಹಿಲ್ಮಾರ್ ನೊಯ್ಸ್ ಎಂಬ ಬೇಟೆಗಾರ ಸ್ವಾಲ್ಬಾರ್ಡ್‌ನಲ್ಲಿ 38 ಚಳಿಗಾಲ ಕಳೆದ. ಸಾಸೆನ್ ಫ್ಯೋರ್ಡ್ ಎಂಬ, ನೆಲದೊಳಕ್ಕೆ ಚಾಚಿದ ಕಡಲಿನ ದಡದಲ್ಲಿ 1920ರ ದಶಕದಲ್ಲಿ ಕಟ್ಟಿದ ಮನೆ ಅದು. ಹೆಸರಿನ ಅರ್ಥ ಶಾಂತಿಯ ಮನೆ. ದಡ ಕೊರೆಯುತ್ತಾ ಬಂದು 2015ರಲ್ಲಿ ಅದನ್ನು ಒಳಕ್ಕೆ, ಸ್ವಲ್ಪ ಎತ್ತರದ ಜಾಗಕ್ಕೆ ಸರಿಸಿದರು. ಮರದ ಮನೆ ಆದ್ದರಿಂದ ಇದು ಸಾಧ್ಯ. ಇದನ್ನು ಮೋಸ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮನೆ ಸರಿಯಿತು, ಆದರೆ ದೋಣಿ ಎಳೆಯುತ್ತಿದ್ದ ದಡ, ನಾಯಿ ಕಟ್ಟುತ್ತಿದ್ದ ಜಾಗ, ಕಸ ಎಸೆಯುತ್ತಿದ್ದ ಮೂಲೆ, ಇವೆಲ್ಲ ಸರಿಯಲಿಲ್ಲ. ಒಂದು ಬೇಟೆಗಾರನ ಬದುಕಿನ ಅರ್ಧ ಇರುವುದು ಮನೆಯ ಹೊರಗೆ. ಆದರೂ ನನ್ನನ್ನು ಕೇಳಿದರೆ ಸರಿಸಿದ್ದು ಸರಿ. ಅದೇ ಕಡಲು, ಅದೇ ಬೆಟ್ಟ ಕಿಟಕಿಯಿಂದ ಕಾಣುತ್ತದೆ. ಬಿಚ್ಚಿ ಮ್ಯೂಸಿಯಂನೊಳಗೆ ಜೋಡಿಸಿದ್ದರೆ ಅದೂ ಇರುತ್ತಿರಲಿಲ್ಲ.

ಸರಿಸುವುದಕ್ಕೂ ಒಂದು ಮಿತಿ ಇದೆ. ಕೆನಡಾದ ಯುಕಾನ್ ಪ್ರದೇಶದ ಉತ್ತರ ತುದಿಯಲ್ಲಿ ಒಂದು ದ್ವೀಪ ಇದೆ. ನಕ್ಷೆಯಲ್ಲಿ ಹರ್ಷೆಲ್. ಅಲ್ಲಿನ ಇನುವಿಯಾಲುಯಿಟ್ ಜನ ಕಿಕಿಕ್ತಾರುಕ್ ಎನ್ನುತ್ತಾರೆ, ದ್ವೀಪ ಎಂದಷ್ಟೇ ಅರ್ಥ. 1890ರಿಂದ ಅಮೆರಿಕದ ತಿಮಿಂಗಿಲ ಹಡಗುಗಳು ಅಲ್ಲಿ ಚಳಿಗಾಲ ಕಳೆಯತೊಡಗಿದವು. ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಗಳಿಗೆ ಆಗ ಭಾರಿ ಬೆಲೆ. ಯುರೋಪು ಅಮೆರಿಕಗಳ ಹೆಂಗಸರ ಸೊಂಟ ಬಿಗಿಯುವ ಉಡುಪಿನೊಳಗೆ ಅದನ್ನೇ ಸೇರಿಸಿ ಹೊಲಿಯುತ್ತಿದ್ದರು. ಆ ಫ್ಯಾಷನ್ ಹೋಯಿತು, ಹಡಗೂ ಹೋದವು. ಮರದ ಕಟ್ಟಡಗಳು, ಗೋರಿಗಳು ಉಳಿದವು. ಹಳೆಯ ಚರ್ಚಿನವರ ಮನೆಯಲ್ಲಿ ಈಗ ಕರಿ ಗಿಲ್ಲೆಮಾಟ್ ಹಕ್ಕಿಗಳು ಗೂಡು ಕಟ್ಟಿವೆ. ಅವನ್ನು ಓಡಿಸಿ ಮನೆ ರಿಪೇರಿ ಮಾಡಬೇಕೋ, ಹಕ್ಕಿಗೇ ಬಿಡಬೇಕೋ ಎನ್ನುವುದು ಇನ್ನೊಂದು ಪಂಚಾಯ್ತಿ.

ಆ ಕಟ್ಟಡಗಳಿರುವುದು ಕಡಲಿಗೆ ಚಾಚಿಕೊಂಡ ಜಲ್ಲಿಯ ನಾಲಿಗೆಯ ಮೇಲೆ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಎತ್ತರದಲ್ಲಿ. ಕೆಲವನ್ನು ದಡದಿಂದ ಹಿಂದಕ್ಕೆ ಎಳೆದಾಯಿತು. ಆದರೆ ಹಿಂದಕ್ಕೆ ಎಂದರೆ ಎಷ್ಟು ಹಿಂದಕ್ಕೆ? ನಾಲಿಗೆಯ ಅಗಲವೇ ಅಷ್ಟು. ಹಿಂದಿನ ಗುಡ್ಡಕ್ಕೆ ಹೋದರೆ ಅದೇ ಕುಸಿಯುತ್ತಿದೆ. 2017ರ ಬೇಸಿಗೆಯಲ್ಲಿ ಸಂಶೋಧಕರು ಡ್ರೋನ್ ಹಾರಿಸಿ ಆ ದ್ವೀಪದ ದಡದ ಒಂದು ಭಾಗವನ್ನು ಅಳೆದರು. ಸುಮಾರು 40 ದಿನದಲ್ಲಿ 14.5 ಮೀಟರ್ ದಡ ಹೋಗಿತ್ತು. ಕೆಲವು ದಿನ ಒಂದು ಮೀಟರಿಗಿಂತ ಜಾಸ್ತಿ. ಹೀಗಿರುವಾಗ ಕ್ಯಾಲ್ಗರಿ ವಿಶ್ವವಿದ್ಯಾಲಯದವರು ಕಟ್ಟಡಗಳನ್ನೆಲ್ಲ ಲೇಸರ್‌ನಿಂದ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದಾರೆ. ಸ್ಕ್ಯಾನ್ ಮಾಡುವುದು ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡಿದೆವಲ್ಲ, ಇನ್ನು ಹೋದರೆ ಹೋಗಲಿ ಎನ್ನುವ ಧಾಟಿ ಕೆಲವರಲ್ಲಿ ಕೇಳಿಬರುತ್ತದೆ. ಅದು ನನಗೆ ಹಿಡಿಸುವುದಿಲ್ಲ. ಅಜ್ಜನ ಫೋಟೋ ಇದೆ ಅಂತ ಅಜ್ಜನ ಔಷಧಿ ನಿಲ್ಲಿಸುತ್ತೇವಾ?

ಈಗ ನಿಮ್ಮ ಎರಡನೇ ಪ್ರಶ್ನೆ. ಎಲ್ಲ ಅಗೆದು ತೆಗೆಯಬಹುದಲ್ಲ? ಇದಕ್ಕೆ ಅಲಾಸ್ಕಾದ ನುನಾಲ್ಲೆಕ್‌ಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಬೇರಿಂಗ್ ಸಮುದ್ರದ ದಡದಲ್ಲಿ ಕ್ವಿನ್‌ಹಗಾಕ್ ಎಂಬ ಹಳ್ಳಿ ಇದೆ, ಯೂಪಿಕ್ ಎಂಬ ಮೂಲನಿವಾಸಿ ಜನರದ್ದು. ಅಲ್ಲಿಂದ ಸ್ವಲ್ಪ ದೂರದ ದಡದಲ್ಲಿರುವ ಹಳೆಯ ಊರಿನ ಜಾಗವೇ ನುನಾಲ್ಲೆಕ್. ಅಲ್ಲಿ ಕಡಲು ಮರದ ವಸ್ತುಗಳನ್ನು ಹೊರಹಾಕತೊಡಗಿತು. ಹಿರಿಯರಿಗೆ ಮೊದಲು ಅಗೆಯುವುದು ಇಷ್ಟವಿರಲಿಲ್ಲ. ಪೂರ್ವಿಕರ ಜಾಗ, ಕೆದಕಬಾರದು ಎನ್ನುವ ಭಾವನೆ. ನಮಗೂ ಅರ್ಥವಾಗುವಂಥದ್ದೇ ಅಲ್ವಾ, ನಾಗಬನಕ್ಕೆ ಯಾರಾದರೂ ಪಿಕಾಸಿ ತಂದರೆ ಊರು ಸುಮ್ಮನಿರುತ್ತದೆಯೇ? ಆದರೆ ಅಗೆಯದಿದ್ದರೆ ಕಡಲು ಅಗೆಯುತ್ತದೆ ಎಂದು ಕಣ್ಣೆದುರೇ ಕಂಡಿತು. ಹಳ್ಳಿಯ ಸ್ವಂತ ಕಂಪನಿಯ ಮುಖ್ಯಸ್ಥ ವಾರನ್ ಜೋನ್ಸ್, ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ರಿಕ್ ನೆಕ್ಟ್ ಅವರನ್ನು ಕರೆಸಿದರು. ಊರವರೇ ಕರೆಸಿದ್ದು, ಇದನ್ನು ನೆನಪಿಟ್ಟುಕೊಳ್ಳಿ. 2009ರಲ್ಲಿ ಅಗೆತ ಶುರುವಾಯಿತು.

ಹೆಪ್ಪುಗಟ್ಟಿದ ನೆಲ ಅಗೆಯುವುದು ತಾಳ್ಮೆಯ ಕೆಲಸ. ಪಿಕಾಸಿ ಹಾಕಿದರೆ ನೆಲವೂ ಒಡೆಯುತ್ತದೆ, ಒಳಗಿನ ವಸ್ತುವೂ ಒಡೆಯುತ್ತದೆ. ಹೊದಿಕೆ ತೆಗೆದು ಬಿಸಿಲಿಗೆ ಬಿಟ್ಟರೆ ದಿನಕ್ಕೆ ಕೆಲವೇ ಸೆಂಟಿಮೀಟರ್ ಕರಗುತ್ತದೆ. ಕರಗಿದಷ್ಟನ್ನು ಕರಣೆಯಿಂದ ಕೆರೆದು ತೆಗೆಯಬೇಕು. ಮತ್ತೆ ಕಾಯಬೇಕು. ಬೇಸಿಗೆ ಇರುವುದೇ ಕೆಲವು ವಾರ. ಕೈ ಮರಗಟ್ಟುತ್ತದೆ, ಮಳೆ ಹೊಡೆಯುತ್ತದೆ, ಸೊಳ್ಳೆಗಳ ಕಥೆ ಹೇಳುವುದೇ ಬೇಡ.

ಸಿಕ್ಕಿದ್ದೇನು? ಮುಖವಾಡಗಳು, ಮರದ ಗೊಂಬೆಗಳು, ಹುಲ್ಲಿನ ಹೆಣಿಗೆ, ಈಟಿ, ಹೆಂಗಸರು ಬಳಸುವ ಅರ್ಧಚಂದ್ರದ ಕತ್ತಿಗಳು. ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ವಸ್ತುಗಳು. ಕೆಲವು ಕತ್ತಿಗಳ ಮರದ ಹಿಡಿ ನಿನ್ನೆ ಕೆತ್ತಿದ ಹಾಗೆ. ಇನ್ನೊಂದೂ ಸಿಕ್ಕಿತು. ಸುಟ್ಟ ಗೋಡೆಗಳು, ಅವುಗಳಲ್ಲಿ ನಾಟಿದ ಬಾಣದ ಮೊನೆಗಳು. ಯೂಪಿಕ್ ಹಿರಿಯರು ತಲೆಮಾರುಗಳಿಂದ ಹೇಳುತ್ತಾ ಬಂದ ಕಥೆಯೊಂದಿದೆ. ಆಟದಲ್ಲಿ ಒಬ್ಬ ಹುಡುಗ ಎಸೆದ ಸಣ್ಣ ಈಟಿ ಇನ್ನೊಬ್ಬನ ಕಣ್ಣಿಗೆ ತಗುಲಿತು. ಒಂದು ಕಣ್ಣಿಗೆ ಒಂದು ಕಣ್ಣು ಎಂದು ಒಪ್ಪಂದವಾದರೂ, ಪೆಟ್ಟು ತಿಂದ ಹುಡುಗನ ತಂದೆ ಸಿಟ್ಟಿನಲ್ಲಿ ಈಟಿ ಎಸೆದವನ ಎರಡೂ ಕಣ್ಣು ತೆಗೆದ. ಅಲ್ಲಿಂದ ಹಳ್ಳಿ ಹಳ್ಳಿಗಳ ನಡುವೆ ಬಿಲ್ಲು ಬಾಣದ ಯುದ್ಧ. ಅದರಲ್ಲಿ ಒಂದು ಊರು ಸುಟ್ಟುಹೋಯಿತು. ಹೊರಗಿನವರು ಇದನ್ನು ಬರೀ ಕಥೆ ಎಂದುಕೊಂಡಿದ್ದರು. ನುನಾಲ್ಲೆಕ್ ಸುಟ್ಟದ್ದು 17ನೇ ಶತಮಾನದಲ್ಲಿ. ಕಥೆಯ ಊರು ಇದೇ ಎಂದು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಅಗೆದು ತೆಗೆದ ಮೇಲೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಶತಮಾನಗಳ ಕಾಲ ಒದ್ದೆಯಾಗಿ ಹೆಪ್ಪುಗಟ್ಟಿದ್ದ ಮರವನ್ನು ಹಾಗೇ ಒಣಗಲು ಬಿಟ್ಟರೆ ಹಪ್ಪಳದಂತೆ ಸುರುಟಿಕೊಂಡು ಬಿರಿಯುತ್ತದೆ. ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕವನ್ನು ನಿಧಾನವಾಗಿ ತುಂಬಬೇಕು. ಆಮೇಲೆ ಒಣಗಿಸಬೇಕು. ಒಂದೊಂದಕ್ಕೆ ತಿಂಗಳುಗಟ್ಟಲೆ. ಅಗೆಯುವುದಕ್ಕೆ ಹಣ ಕೊಡುವವರು ಸಿಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಆಮೇಲಿನ ಹತ್ತು ವರ್ಷದ ತೊಟ್ಟಿ, ರಾಸಾಯನಿಕ, ಕಪಾಟಿಗೆ ಹಣ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ. ‘ಎಲ್ಲ ಅಗೆದು ತೆಗೆಯಿರಿ’ ಎನ್ನುವವರು ಮರೆಯುವುದು ಇದನ್ನೇ.

ನುನಾಲ್ಲೆಕ್‌ನ ವಸ್ತುಗಳು ಅಬರ್ಡೀನ್‌ಗೆ ಹೋಗಿ, ಸಂಸ್ಕರಣೆಯಾಗಿ, ಹಳ್ಳಿಗೆ ವಾಪಸ್ ಬಂದವು. 2018ರಲ್ಲಿ ಕ್ವಿನ್‌ಹಗಾಕ್‌ನ ಹಳೆಯ ಶಾಲಾ ಕಟ್ಟಡದಲ್ಲಿ ಅವರದೇ ಸಂಗ್ರಹಾಲಯ ಶುರುವಾಯಿತು. ಅಲ್ಲಿ ಮುದುಕರು ಬಂದು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಇದು ಇಂಥದ್ದಕ್ಕೆ ಎಂದು ಹೇಳಬಹುದು. ಮರಗೆಲಸದವರು ನೋಡಿ ಹಾಗೇ ಕೆತ್ತಬಹುದು. ಪಾದ್ರಿಗಳ ಕಾಲದಲ್ಲಿ ನಿಂತುಹೋಗಿದ್ದ ಕುಣಿತ ಊರಿನಲ್ಲಿ ಮತ್ತೆ ಶುರುವಾಯಿತು. ಆ ಮುಖವಾಡಗಳು ದೂರದ ಯಾವುದೋ ನಗರದ ಗಾಜಿನ ಪೆಟ್ಟಿಗೆಯಲ್ಲಿದ್ದರೆ ಇದು ಆಗುತ್ತಿತ್ತಾ? ನನಗೆ ಅನುಮಾನ.

2025ರ ಅಕ್ಟೋಬರ್‌ನಲ್ಲಿ ಹಾಲೋಂಗ್ ಎಂಬ ಚಂಡಮಾರುತದ ಬಾಲ ಪಶ್ಚಿಮ ಅಲಾಸ್ಕಾಕ್ಕೆ ಬಡಿಯಿತು. ಕೆಲವು ಹಳ್ಳಿಗಳಲ್ಲಿ ಮನೆಗಳೇ ತೇಲಿಹೋದವು, ಜನ ಊರು ಬಿಡಬೇಕಾಯಿತು. ನುನಾಲ್ಲೆಕ್‌ನಲ್ಲಿ ಇನ್ನೂ ಅಗೆಯದೆ ಉಳಿದಿದ್ದ ದಡದ ದೊಡ್ಡ ಭಾಗವನ್ನು ಅದು ಒಂದೇ ಏಟಿಗೆ ಕೊಚ್ಚಿಕೊಂಡು ಹೋಯಿತು. ಸಾವಿರಾರು ವಸ್ತುಗಳು ಕಡಲ ಪಾಲು. ಊರವರು ದಡದುದ್ದಕ್ಕೂ ನಡೆದು ಸುಮಾರು ಒಂದು ಸಾವಿರ ವಸ್ತುಗಳನ್ನು ಹೆಕ್ಕಿದರು. ಉಪ್ಪು ಬಿಡಿಸಲು ಸಿಹಿನೀರಿನ ತೊಟ್ಟಿಗಳಲ್ಲಿ ಮುಳುಗಿಸಿಟ್ಟರು. ಸಿಕ್ಕಿದ್ದನ್ನು ಒಣಗಲು ಬಿಡಬಾರದು ಎಂದು ಅವರಿಗೆ ಗೊತ್ತಿತ್ತು. ಅಷ್ಟು ವರ್ಷದ ಬೇಸಿಗೆಗಳಲ್ಲಿ ಕಲಿತಿದ್ದರು. ವಿಮಾನ ಹಿಡಿದು ತಜ್ಞರು ಬರುವ ತನಕ ಕಾದಿದ್ದರೆ ಆ ಸಾವಿರವೂ ಇರುತ್ತಿರಲಿಲ್ಲ. ನನ್ನ ಪ್ರಕಾರ ಈ ದಡಗಳಿಗೆ ಸಿಗಬಹುದಾದ ಅತ್ಯುತ್ತಮ ರಕ್ಷಣೆ ಇದೇ: ಪಕ್ಕದಲ್ಲೇ ವಾಸವಿರುವ, ಕಲಿತ, ಬಿರುಗಾಳಿಯ ಮರುದಿನ ಬೂಟು ಹಾಕಿಕೊಂಡು ಹೊರಡುವ ಜನ. ಸ್ವಾಲ್ಬಾರ್ಡ್‌ಗೆ ಅಂಥ ಮೂಲನಿವಾಸಿಗಳಿಲ್ಲ. ಅಲ್ಲಿ ಕಾಯುವ ಕೆಲಸ ಕಾನೂನಿನದು.

ಅಂದ ಹಾಗೆ, ಸ್ವಾಲ್ಬಾರ್ಡ್‌ನಲ್ಲಿ ನಮ್ಮವರೂ ಇದ್ದಾರೆ. ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ. ಅದೇ ಊರಿನಲ್ಲಿ 1926ರಲ್ಲಿ ಧ್ರುವಯಾತ್ರಿ ಅಮುಂಡ್ಸೆನ್ ತಂಡದ ನೋರ್ಗೆ ವಾಯುನೌಕೆಯನ್ನು ಕಟ್ಟಿದ್ದ ಉಕ್ಕಿನ ಗೋಪುರ ಇನ್ನೂ ನಿಂತಿದೆ. ದಕ್ಷಿಣದ ತುದಿಯಲ್ಲೂ ನಮ್ಮದೊಂದು ಇದೆ. 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿದ ಮೊದಲ ಭಾರತೀಯ ತಂಡದವರ ಹೆಸರಿರುವ ಫಲಕ. ದಕ್ಷಿಣ ಗಂಗೋತ್ರಿಯ ಆ ಫಲಕ ಅಂಟಾರ್ಕ್ಟಿಕಾದ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ 44ನೆಯದು. ದಕ್ಷಿಣ ಗಂಗೋತ್ರಿ ಕೇಂದ್ರ ಮಾತ್ರ ಹಿಮದಲ್ಲಿ ಹೂತುಹೋಗಿ 1990ರಲ್ಲಿ ಅದನ್ನು ಬಿಡಬೇಕಾಯಿತು. ಒಂದು ಕಡೆ ಹಿಮ ಕರಗಿ ಕಷ್ಟ, ಇನ್ನೊಂದು ಕಡೆ ಬಿದ್ದು ಕಷ್ಟ.

ಇನ್ನು ಮೊಳೆ.

ಸ್ವಾಲ್ಬಾರ್ಡ್‌ನ ಕಾನೂನು ಸರಳ. 1945 ಅಥವಾ ಅದಕ್ಕೂ ಹಿಂದಿನ ಮನುಷ್ಯರ ಯಾವ ಕುರುಹೂ ತಾನಾಗಿಯೇ ಸಂರಕ್ಷಿತ. ಅದರ ಸುತ್ತ 100 ಮೀಟರ್ ಜಾಗವೂ ಸೇರಿ. ಯಾರೂ ಬಂದು ಬೋರ್ಡು ಹಾಕಬೇಕಿಲ್ಲ. ಗೋರಿಗಳಿಗೆ, ತಿಮಿಂಗಿಲ ಕೊಯ್ದ ಜಾಗದ ಮೂಳೆಗಳಿಗೆ ವಯಸ್ಸಿನ ಲೆಕ್ಕವೂ ಇಲ್ಲ. ಇದು ಕಟ್ಟುನಿಟ್ಟು ಎನಿಸಬಹುದು. ಆದರೆ ಐಸ್ ಕಡಿಮೆಯಾದ ಮೇಲೆ ಹಡಗುಗಳು ಜಾಸ್ತಿ, ದಡದಲ್ಲಿ ಇಳಿಯುವ ಕಾಲುಗಳು ಜಾಸ್ತಿ. 2025ರಿಂದ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗು ಬರುವಂತಿಲ್ಲ. 200 ಜನರೂ ಒಂದೊಂದು ಮೊಳೆ ಜೇಬಿಗಿಳಿಸಿದರೆ ಕಡಲಿಗೆ ಕೆಲಸವೇ ಉಳಿಯುವುದಿಲ್ಲ.

ಒಂದು ಮೊಳೆ ಏನು ಹೇಳುತ್ತದೆ ಅಂತೀರಾ? ಸ್ವಾಲ್ಬಾರ್ಡ್‌ನಲ್ಲಿ ಮರ ಬೆಳೆಯುವುದಿಲ್ಲ. ಸೈಬೀರಿಯಾದ ನದಿಗಳಿಂದ ತೇಲಿಬಂದ ಮರವೇ ಗತಿ. ಹಾಗಾಗಿ ಹಾಳುಬಿದ್ದ ಗುಡಿಸಲನ್ನು ಮುಂದೆ ಬಂದವರು ಕಿತ್ತು ಒಲೆಗೆ ಹಾಕುತ್ತಿದ್ದರು. ಮರ ಹೋಗುತ್ತದೆ, ಮೊಳೆ ನೆಲದಲ್ಲಿ ಉಳಿಯುತ್ತದೆ. ಮೊಳೆಗಳು ಸಾಲಾಗಿದ್ದರೆ ಅಲ್ಲಿ ಗೋಡೆ ಇತ್ತು. ಗುಂಪಾಗಿ, ಬೂದಿಯ ಜೊತೆ ಇದ್ದರೆ ಅಲ್ಲಿ ಮರ ಸುಟ್ಟರು. ಎಲ್ಲಿತ್ತು ಎನ್ನುವುದರಲ್ಲೇ ಅದರ ಅರ್ಥ ಇದೆ. ಜೇಬಿಗೆ ಹೋದ ಕ್ಷಣ ಅದು ತುಕ್ಕು ಹಿಡಿದ ಕಬ್ಬಿಣ ಅಷ್ಟೇ.

ಇವತ್ತು ಕಸ ಎನಿಸಿದ್ದು ನಾಳೆ ಏನಾಗುತ್ತದೋ ಯಾರಿಗೆ ಗೊತ್ತು! ಗ್ರೀನ್‌ಲ್ಯಾಂಡಿನ ಕೆಕೆರ್ತಾಸುಸ್ಸುಕ್ ಎಂಬ ಜಾಗದ ಹೆಪ್ಪುಗಟ್ಟಿದ ಮಣ್ಣಿನಲ್ಲಿ 1980ರ ದಶಕದಲ್ಲಿ ಒಂದು ಹಿಡಿ ಕೂದಲು ಸಿಕ್ಕಿತ್ತು. ಕೋಪನ್‌ಹೇಗನ್‌ನಲ್ಲಿ ಸುಮ್ನೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. 2010ರಲ್ಲಿ ಅದರಿಂದಲೇ ಸುಮಾರು 4000 ವರ್ಷ ಹಿಂದಿನ ಮನುಷ್ಯನ ಇಡೀ ವಂಶವಾಹಿ ನಕ್ಷೆ ಓದಿದರು. ಅಷ್ಟು ಹಳೆಯ ಮನುಷ್ಯನದ್ದು ಅದೇ ಮೊದಲು. ಕಂದು ಕಣ್ಣು, ಎ ಪಾಸಿಟಿವ್ ರಕ್ತ, ತಲೆ ಬೋಳಾಗುವ ಸಾಧ್ಯತೆ ಇತ್ತು ಅಂತಲೂ ಹೇಳಿದರು. ಅಗೆದವರಿಗೆ ಆ ಕೂದಲಿನಿಂದ ಇದು ಸಾಧ್ಯ ಎಂಬ ಕಲ್ಪನೆಯೂ ಇದ್ದಿರಲಾರದು.

ಮುಂದಿನ ಸಲ ಹೋದಾಗ ದಡದಿಂದ ಏನಾದರೂ ಕಳಚಿ ಬೀಳುವ ಹಾಗೆ ಕಂಡರೆ ಮುಟ್ಟಬೇಡಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ಫೋಟೋ ತೆಗೆಯಿರಿ. ದೂರ ನಿಂತು ಸುತ್ತಲಿನ ಜಾಗದ್ದೂ ಒಂದು ತೆಗೆಯಿರಿ. ಫೋನಿನಲ್ಲಿ ಸ್ಥಳ ಗುರುತು ಮಾಡಿಕೊಂಡು ಲಾಂಗ್‌ಇಯರ್‌ಬಿಯೆನ್‌ನಲ್ಲಿರುವ ಗವರ್ನರ್ ಕಚೇರಿಗೆ ಕಳಿಸಿ.

ನಿಮ್ಮ ಮಗ ವಾಪಸ್ ಇಡುವ ಮೊದಲು ಆ ಮೊಳೆಯ ಫೋಟೋ ತೆಗೆದಿದ್ದನಾ? ಇದ್ದರೆ ಅದರ ಮೈ ನೋಡಿ. ದುಂಡಗಿದ್ದು, ತಲೆ ಚಪ್ಪಟೆಯಾಗಿ ಗುಂಡಗಿದ್ದರೆ ಯಂತ್ರದ್ದು, ನೊಯ್ಸ್‌ನ ಕಾಲದ್ದಿರಬಹುದು. ಮೈ ಚೌಕವಾಗಿದ್ದು, ತುದಿಗೆ ಹೋಗುತ್ತಾ ಸಪೂರ ಆಗಿ, ತಲೆಯ ಮೇಲೆ ಸುತ್ತಿಗೆಯ ಪೆಟ್ಟಿನ ಗುರುತಿದ್ದರೆ ಕಮ್ಮಾರ ಕೈಯಾರೆ ಬಡಿದದ್ದು. ಹಾಗಿದ್ದರೆ ಅದು ಫ್ರೆಡ್‌ಹೈಮ್‌ಗಿಂತ ಎಷ್ಟೋ ಹಳೆಯದಿರಬಹುದು. ಚೌಕ ಅಂತ ಕಂಡರೆ ನನಗೂ ಒಂದು ಪ್ರತಿ ಕಳಿಸಿ.